ಹೆಸರು ನುಂಗಿದ ಗುಡುಗು

ಭೂಮಿ ಆಗ ಇನ್ನೂ ಹೊಸದು. ಗುಡ್ಡದ ಬಂಡೆಗಳನ್ನು ಮುಟ್ಟಿದರೆ ಬೆಚ್ಚಗಿದ್ದವು. ಹೊಳೆಗಳಿಗೆ ಯಾವ ಕಡೆ ಹರಿಯಬೇಕೆಂಬುದು ತೀರ್ಮಾನವಾಗಿರಲಿಲ್ಲ. ಇವತ್ತು ಇತ್ತ, ನಾಳೆ ಅತ್ತ ಹೋಗಿ ನೋಡಿ ಬರುತ್ತಿದ್ದವು. ಮನುಷ್ಯರು ಹುಟ್ಟಿರಲಿಲ್ಲ. ಮನುಷ್ಯರೇ ಇಲ್ಲದ ಮೇಲೆ ಪಟಾಕಿ ಎಲ್ಲಿಂದ ಬರಬೇಕು?

ಆದರೆ ಹಬ್ಬಗಳಿದ್ದವು. ಮದುವೆಗಳಿದ್ದವು. ಕೂಸುಗಳು ಹುಟ್ಟುತ್ತಿದ್ದವು, ಅವಕ್ಕೆ ಹೆಸರಿಡುತ್ತಿದ್ದರು. ಸಂತೋಷ ಅಂದಮೇಲೆ ಒಂದಿಷ್ಟು ಸದ್ದು ಬೇಡವೇ? ಆ ಸದ್ದು ಮಾಡುವ ಕೆಲಸ ಇಬ್ಬರದಾಗಿತ್ತು.

ಒಬ್ಬ ಗುಡುಗಣ್ಣ, ಇನ್ನೊಬ್ಬಳು ಮಿಂಚವ್ವ. ಅವಳಿಗಳು. ಮೋಡದ ಹೊಟ್ಟೆಯಿಂದ ಬರುವಾಗಲೇ ಕೈ ಕೈ ಹಿಡಿದುಕೊಂಡು ಬಂದವರು, ಆಮೇಲೂ ಬಿಟ್ಟವರಲ್ಲ. ಕಲ್ಲುಗುಡ್ಡದ ನೆತ್ತಿಯಲ್ಲಿ ಒಂದು ಗೋಣಿಮರ. ಅದರ ಮೇಲೆ ಅವರ ಬಿಡಾರ. ಯಾರ ಮನೆಯಲ್ಲಿ ಶುಭಕಾರ್ಯವಿದ್ದರೂ ಅಲ್ಲಿಗೆ ಹೋಗಿ ಕರೆದರೆ ಸಾಕು, ಅಕ್ಷತೆ ಬೀಳುವ ಹೊತ್ತಿಗೆ ಇಬ್ಬರೂ ಆಕಾಶದಿಂದ ಒಟ್ಟಿಗೆ ಧುಮುಕುತ್ತಿದ್ದರು. ಬೆಳಕೂ ಸದ್ದೂ ಒಂದೇ ಗಳಿಗೆಯಲ್ಲಿ. ಕಣ್ಣಿಗೂ ಕಿವಿಗೂ ಒಂದೇ ಏಟು. ಮೊದಲು ಇದು, ಆಮೇಲೆ ಅದು ಎಂಬ ಮಾತೇ ಇರಲಿಲ್ಲ.

ಆನೆಯ ಮನೆಯಲ್ಲಿ ಮರಿಗೆ ಹೆಸರಿಟ್ಟ ದಿನ ಅವರು ಮೂರು ಸಲ ಧುಮುಕಿದ್ದರು. ಕಾಡಿಗೆ ಕಾಡೇ ಬೆಚ್ಚಿಬಿತ್ತು, ಆಮೇಲೆ ನಕ್ಕಿತು, ಆಮೇಲೆ ವಾರಗಟ್ಟಲೆ ಅದೇ ಮಾತು. ಆನೆಮರಿ ಮಾತ್ರ ಮೊರದಗಲದ ಕಿವಿಯನ್ನು ಪಟಕ್ಕನೆ ಮಡಚಿಕೊಂಡು ನಿಂತಿತ್ತು. ಅದಕ್ಕೇನೂ ಆಗಲಿಲ್ಲ. ಎಲ್ಲರಿಗೂ ಅಂಥ ಕಿವಿ ಇರುವುದಿಲ್ಲ ಎಂಬುದು ಅವತ್ತು ಯಾರ ತಲೆಗೂ ಹೋಗಲಿಲ್ಲ.

ಅದೇ ಗುಡ್ಡದ ಬುಡದ ಹುಣಸೆಮರದಲ್ಲಿ ಸಣ್ಣವ್ವ ಎಂಬೊಬ್ಬಳಿದ್ದಳು. ಹೆಸರಿಗೆ ತಕ್ಕ ಮೈ. ಕಡ್ಡಿಯಂಥ ಕೈಕಾಲು, ಬಾಲವಿಲ್ಲ, ಬೆರಳುಗಳು ಮಾತ್ರ ಮನುಷ್ಯರ ಬೆರಳಿನ ಹಾಗೆ. ಕಣ್ಣು ಆಗ ಸಾಸಿವೆಕಾಳಿನಷ್ಟಿತ್ತು. ಅವಳ ವಂಶದವರನ್ನು ಈಗ ನೋಡಿದವರು ಇದನ್ನು ನಂಬುವುದಿಲ್ಲ. ಹಗಲೆಲ್ಲ ಕೊಂಬೆಯಿಂದ ಕೊಂಬೆಗೆ ಅಳಿಲಿಗೆ ಸರಿಸಮನಾಗಿ ಓಡುತ್ತಿದ್ದಳು ಎಂದರೆ ಅದನ್ನಂತೂ ನಂಬುವುದೇ ಇಲ್ಲ.

ಸಣ್ಣವ್ವನಿಗೆ ಒಂದೇ ಕೂಸು. ಕೂಸು ಹುಟ್ಟುವುದಕ್ಕೆ ಹದಿನೈದು ದಿನ ಮುಂಚೆ ಅವಳ ಗಂಡನನ್ನು ಹದ್ದು ಎತ್ತಿಕೊಂಡು ಹೋಗಿತ್ತು. ಅವನು ಬಿಟ್ಟುಹೋದದ್ದು ಒಂದೇ ಒಂದು. ಕೂಸಿನ ಹೆಸರು.

ಆ ಕಾಲದ ಕಟ್ಟಳೆ ಹೀಗಿತ್ತು. ಕೂಸಿನ ಹೆಸರನ್ನು ಅಪ್ಪ ಆರಿಸಬೇಕು. ಆರಿಸಿದ್ದನ್ನು ಸೋದರತ್ತೆಯ ಕಿವಿಗೆ ಮಾತ್ರ ಹೇಳಬೇಕು. ಸೋದರತ್ತೆ ಅದನ್ನು ಕೂಸಿನ ಕಿವಿಯಲ್ಲಿ ಊದಬೇಕು, ಅದೂ ಒಂದೇ ಸಲ. ತಾಯಿ ಕೂಡ ಕೇಳುವಂತಿಲ್ಲ. ಕೂಸು ಮಾತು ಕಲಿತಾಗ ತನ್ನ ಹೆಸರನ್ನು ತಾನೇ ಹೇಳುತ್ತಿತ್ತು. ಎಲ್ಲರಿಗೂ ಗೊತ್ತಾಗುತ್ತಿದ್ದದ್ದು ಆಗಲೇ.

ಕಾಡಿನ ಮಕ್ಕಳಿಗೆಲ್ಲ ಸೋದರತ್ತೆ ಎಂದರೆ ಗಾಳಿಯತ್ತೆ. ಅವಳು ಕೇಳಿದ ಹೆಸರನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ನಾಮಕರಣದ ದಿನ ಗಂಟು ಬಿಚ್ಚಿ ಊದುತ್ತಿದ್ದಳು. ಊದಿದಳೋ, ಅವಳಿಗೂ ಅದು ಮರೆತುಹೋಗುತ್ತಿತ್ತು. ಗಾಳಿಯ ಹತ್ತಿರ ಏನು ಉಳಿದೀತು ಹೇಳಿ.

ಸಣ್ಣವ್ವ ದಿನಕ್ಕೊಂದು ಸಲ ಅವಳ ಸೆರಗು ಹಿಡಿದು ನೋಡುತ್ತಿದ್ದಳು. "ಅಕ್ಕಾ, ಗಂಟು ಭದ್ರವಾಗೈತಾ?"

"ಐತೆ ಕಣೆ ಸಣ್ಣಿ. ನನ್ನ ತಮ್ಮ ಕೊಟ್ಟಿದ್ದು, ಬಿಟ್ಟುಬುಡ್ತೀನಾ?"

ನಾಮಕರಣಕ್ಕೆ ದಿನ ಗೊತ್ತಾಯಿತು. ಗೀಜಗ ಹುಲ್ಲಿನಲ್ಲಿ ತೊಟ್ಟಿಲು ಹೆಣೆದುಕೊಟ್ಟಿತು. ಕಾರೆಹಣ್ಣು, ಜೇನು, ಗೆದ್ದಲು ಎಲ್ಲ ಹೊಂದಿಸಿಟ್ಟಾಯಿತು. ಪಕ್ಕದ ಬಿಲದ ಚಿಪ್ಪಜ್ಜ, ಅಂದರೆ ಚಿಪ್ಪುಹಂದಿ, ಗೆದ್ದಲಿನ ವಾಸನೆ ಹಿಡಿದು ನಾಲ್ಕು ದಿನ ಮುಂಚೆಯೇ ಬಂದು ಕೂತಿದ್ದ. ಸಣ್ಣವ್ವ ಗುಡ್ಡದ ಕಡೆ ನೋಡುತ್ತಿದ್ದದ್ದು ಅವನ ಕಣ್ಣಿಗೆ ಬಿತ್ತು.

"ಏನವ್ವ, ಮ್ಯಾಲಕ್ಕೆ ನೋಡ್ತಿದ್ದೀಯ?"

"ಗುಡುಗಣ್ಣನ್ನ ಕರೀಬೇಕು ಅಂತ ಅಜ್ಜ."

"ನಮ್ಮಂಥೋರ್ಗೆ ಯಾಕವ್ವ ಗುಡುಗು? ನಾಕು ಮಿಣುಕುಹುಳ ಕರ್ದು ಕೂರ್ಸು, ಚೆಂದಾಗಿ ಬೆಳಗ್ತವೆ. ಹುಲೀನ ನೋಡಿ ನರಿ ಮೈ ಸುಟ್ಕೊಂಡಂಗೆ ಮಾಡ್ಬ್ಯಾಡ."

ಸಣ್ಣವ್ವ ಕೂಸಿನ ಬೆನ್ನು ಸವರಿದಳು. ಆಮೇಲೆ ಹೇಳಿದಳು. "ಅಪ್ಪ ಇಲ್ದಿರೋ ಕೂಸು ಅಂತ ಬಂದೋರೆಲ್ಲ ಅಯ್ಯೋ ಅಂತಾರೆ ಕಣಜ್ಜ. ಅವತ್ತೊಂದಿನ ಯಾರೂ ಅಯ್ಯೋ ಅನ್ಬಾರ್ದು. ಆಕಾಸ್ವೇ ಬಂದು ನಮ್ಮನೆ ಮುಂದೆ ನಿಲ್ಬೇಕು."

ಚಿಪ್ಪಜ್ಜ ಮತ್ತೆ ಗೆದ್ದಲಿನ ಕಡೆ ತಿರುಗಿಕೊಂಡ.

ಸಣ್ಣವ್ವ ಒಂದೇ ಬೆಳಗಿನಲ್ಲಿ ಗುಡ್ಡ ಹತ್ತಿದಳು. ಗುಡುಗಣ್ಣನಿಗೆ ಸಂತೋಷವೋ ಸಂತೋಷ. ಆನೆ ಕರೆದರೂ ಸರಿ, ಅಂಗೈಯಗಲದ ಸಣ್ಣವ್ವ ಕರೆದರೂ ಸರಿ, ಕರೆದವರ ಮನೆಗೆ ಹೋಗುವುದೇ ಅವನಿಗೆ ಹಬ್ಬ. ಒಂದೇ ಒಂದು ಅನುಮಾನ ಅವನಿಗೆ.

"ಹೆಸ್ರಿಡೋದು ಮುಗೀತು ಅಂತ ನಮ್ಗೆ ಹೆಂಗೆ ಗೊತ್ತಾಗ್ತದೆ ತಂಗ್ಯವ್ವ? ನಾವಿರೋದು ಮ್ಯಾಲೆ. ಕಿವೀಲಿ ಊದೋದು ನಮ್ಗೆ ಕೇಳ್ಸಾಕಿಲ್ಲ."

"ಆನೆ ಮನೇಲಿ ಹೆಂಗ್ಮಾಡಿದ್ರಿ?"

"ಅವ್ರು ಸೊಂಡ್ಲು ಎತ್ತಿ ತೋರ್ಸಿದ್ರು," ಎಂದಳು ಮಿಂಚವ್ವ.

ಸಣ್ಣವ್ವನಿಗೆ ಸೊಂಡಿಲೆಲ್ಲಿಂದ ಬರಬೇಕು? ಅವಳು ಯೋಚನೆ ಮಾಡಿದಳು. "ಹೆಸ್ರು ಊದಿದ್ಮೇಲೆ ತೊಟ್ಲು ತೂಗ್ತೀವಿ. ತೊಟ್ಲು ಅಲ್ಲಾಡ್ತು ಅಂದ್ರೆ ಹೆಸ್ರಾಯ್ತು ಅಂತ. ಆಗ ಹಾರಿಸ್ಬುಡಿ."

ಅಚ್ಚುಕಟ್ಟಾದ ಏರ್ಪಾಡು. ಮೂವರೂ ಒಪ್ಪಿದರು. ಸಣ್ಣವ್ವ ಹಾಡಿಕೊಳ್ಳುತ್ತಾ ಗುಡ್ಡ ಇಳಿದಳು.

ನಾಮಕರಣದ ದಿನ ಹೊತ್ತು ಇಳಿಯುವಾಗ ಹುಣಸೆಮರದ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ಗುಡುಗಣ್ಣ ಬರುತ್ತಾನಂತೆ ಎಂದು ಕರೆಯದವರೂ ಬಂದಿದ್ದರು. ಆನೆಯೂ ಬಂದು ಹಿಂದೆ ನಿಂತಿತ್ತು. ಯಾರೂ ಅಯ್ಯೋ ಎನ್ನಲಿಲ್ಲ. ಅಬ್ಬಾ ಎಂದರು. ಸಣ್ಣವ್ವನ ಎದೆ ಹಿಗ್ಗಿತು. ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ, ಎಲ್ಲರೂ ಕಾಣಲಿ ಎಂದು ತಾನು ಒಂದು ಮಾರು ಹಿಂದೆ ಸರಿದು ನಿಂತಳು.

ಗಾಳಿಯತ್ತೆ ಬಂದಳು. ಎಲೆಗಳು ದಾರಿ ಬಿಟ್ಟವು. ಅವಳು ಸೆರಗಿನ ಗಂಟು ಬಿಚ್ಚಿ, ಹೆಸರನ್ನು ತುಟಿಯ ಮೇಲೆ ಇಟ್ಟುಕೊಂಡು, ಕೂಸಿನ ಕಿವಿಯ ಹತ್ತಿರ ಮೆಲ್ಲಗೆ ಬಗ್ಗಿದಳು.

ಗಾಳಿ ಬಗ್ಗಿದರೆ ಏನಾಗುತ್ತದೆ? ತೊಟ್ಟಿಲು ಅಲ್ಲಾಡುತ್ತದೆ.

ಸಣ್ಣವ್ವನಿಗೆ ಅದು ಹೊಳೆದದ್ದು ಆ ಗಳಿಗೆಯಲ್ಲಿ. ಗೀಜಗನ ಹುಲ್ಲಿನ ತೊಟ್ಟಿಲು ಒಂದು ಕಡೆಗೆ ವಾಲಿತು, ಮತ್ತೊಂದು ಕಡೆಗೆ ವಾಲಿತು. ಗಾಳಿಯತ್ತೆಯ ತುಟಿ ಇನ್ನೂ ತೆರೆದಿರಲಿಲ್ಲ. ಸಣ್ಣವ್ವನ ಬಾಯಿ ಮಾತ್ರ ತೆರೆಯಿತು, ಅದರಿಂದ ಸದ್ದು ಹೊರಡಲಿಲ್ಲ. ಹೊರಟಿದ್ದರೂ ಏನು ಪ್ರಯೋಜನ? ಮೇಲಿನಿಂದ ಅವರು ಆಗಲೇ ಧುಮುಕಿಯಾಗಿತ್ತು.

ಹುಣಸೆಮರ ಬೆಳ್ಳಗಾಯಿತು. ನೆಲ ಕಾಲ ಕೆಳಗೆ ಒಂದು ಸಲ ಹಾರಿ ಬಿತ್ತು. ಸದ್ದು ಎಂದು ಅದನ್ನು ಕರೆಯುವ ಹಾಗಿಲ್ಲ. ಕಿವಿಯೊಳಗೆ ಯಾರೋ ಬಂಡೆ ಉರುಳಿಸಿದಂತಾಯಿತು. ಆಮೇಲೆ ಏನೂ ಇಲ್ಲ. ಯಾರಿಗೂ ಏನೂ ಕೇಳಿಸದ ಒಂದು ಬಿಳಿ ಮೌನ.

ಹೊಗೆ ತಿಳಿಯಾದಾಗ ಎಲ್ಲರೂ ನಿಂತಲ್ಲೇ ನಿಂತಿದ್ದರು. ಸಿಡಿಲು ಬಡಿದವರ ಹಾಗೆ ಎಂದು ನಾವು ಸುಮ್ಮನೆ ಆಡುತ್ತೇವಲ್ಲ, ಆ ಮಾತು ಹುಟ್ಟಿದ್ದು ಅವತ್ತು. ಚಿಪ್ಪಜ್ಜ ಗೆದ್ದಲು ಬಾಯಲ್ಲಿರುವಾಗಲೇ ಉಂಡೆಯಾಗಿ ಮುದುಡಿಹೋಗಿದ್ದ. ಅವನ ಮೊಮ್ಮಕ್ಕಳು ಇಂದಿಗೂ ಚೂರು ಸದ್ದಾದರೆ ಹಾಗೇ ಮುದುಡುತ್ತಾರೆ.

ಸಣ್ಣವ್ವ ತೊಟ್ಟಿಲಿನ ಹತ್ತಿರ ಹೋದಳು. ಕೂಸು ಅಳುತ್ತಿರಲಿಲ್ಲ. ಅತ್ತಿದ್ದರೆ ಎಷ್ಟೋ ಚೆನ್ನಾಗಿತ್ತು. ಅದು ಕಣ್ಣು ಬಿಟ್ಟುಕೊಂಡಿತ್ತು. ಸಾಸಿವೆಯಷ್ಟಿದ್ದ ಕಣ್ಣು ಬಟ್ಟಲಿನಷ್ಟು ಅಗಲವಾಗಿ, ರೆಪ್ಪೆ ಬಡಿಯದೆ, ಎಲ್ಲವನ್ನೂ ನೋಡುತ್ತಾ ಯಾವುದನ್ನೂ ನೋಡದೆ ಇತ್ತು.

"ಕೂಸೇ," ಎಂದಳು. ಕಿವಿ ಅಲ್ಲಾಡಲಿಲ್ಲ. "ಕಂದಾ," ಎಂದಳು. ಕಿವಿ ಅಲ್ಲಾಡಲಿಲ್ಲ. ಕಿವಿಯ ಪಕ್ಕದಲ್ಲೇ ಒಣ ಹುಣಸೆಕಾಯಿಯೊಂದನ್ನು ಪಟ್ಟನೆ ಮುರಿದಳು. ಕಿವಿ ಅಲ್ಲಾಡಲಿಲ್ಲ. ಸಣ್ಣವ್ವ ಗಾಳಿಯತ್ತೆಯ ಸೆರಗು ಹಿಡಿದಳು.

"ಅಕ್ಕಾ, ಹೆಸ್ರು?"

ಗಾಳಿಯತ್ತೆ ತೊಟ್ಟಿಲಿನ ಪಕ್ಕದಲ್ಲೇ ನಿಂತಿದ್ದಳು. "ಊದಿಬುಟ್ಟೆ ಕಣೆ. ಬಾಯ್ಗೆ ಬಂದಿತ್ತು, ತಡಿಯಕ್ಕಾಗ್ಲಿಲ್ಲ. ಆ ಸದ್ದೊಳಗೆ ಹೋಗ್ಬುಡ್ತು."

"ಇನ್ನೊಂದ್ ಸಲ ಹೇಳಕ್ಕ. ಕಟ್ಟಳೆ ಮನೆ ಹಾಳಾಗ್ಲಿ. ನನ್ನ ಕಿವಿಗಾದ್ರೂ ಹೇಳು."

ಗಾಳಿಯತ್ತೆ ಖಾಲಿ ಸೆರಗನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನೆನಪಿಲ್ವಲ್ಲೇ ಸಣ್ಣಿ," ಎಂದಳು. "ನಂಗೆ ನೆನಪಿಲ್ವಲ್ಲೇ."

ಆಗ ಮೇಲಿನಿಂದ ಒಂದು ದನಿ ಬಂತು, ಹಬ್ಬದ ಉತ್ಸಾಹದಲ್ಲೇ. "ಹೆಂಗಿತ್ತು ತಂಗ್ಯವ್ವ? ಇನ್ನೊಂದು ಹಾರಿಸ್ಲಾ?"

ಕೆಳಗೆ ಯಾರೂ ಉಸಿರೆತ್ತಲಿಲ್ಲ. ಗುಡುಗಣ್ಣ ಅದನ್ನು ಮೆಚ್ಚುಗೆ ಎಂದುಕೊಂಡ. "ಆಯ್ತು, ಮುಂದಿನ ವಾರ ನವಿಲಿನ ಮದ್ವೆಗೆ ಇದಕ್ಕಿಂತ ದೊಡ್ಡದು ಹಾರಿಸ್ತೀವಿ," ಎಂದು ಕೂಗಿ ಹೇಳಿ ಹೊರಟುಹೋದ.

ಜನ ಒಬ್ಬೊಬ್ಬರಾಗಿ ಕರಗಿದರು. ಹೋಗುವಾಗ ಎಲ್ಲರೂ ಅಯ್ಯೋ ಎಂದೇ ಹೋದರು. ಸಣ್ಣವ್ವನಿಗೆ ಅದು ಕೇಳಿಸಲೇ ಇಲ್ಲ. ಇದಕ್ಕಿಂತ ದೊಡ್ಡದು ಎಂಬ ಮಾತೊಂದೇ ಅವಳ ತಲೆಯಲ್ಲಿ ಕೂತಿತ್ತು. ಇದೇ ಕೂಸನ್ನು ಇಷ್ಟು ಮಾಡಿದೆ. ಇದಕ್ಕಿಂತ ದೊಡ್ಡದು ಬಂದರೆ?

ನವಿಲಿನ ಮದುವೆಗೆ ಎಂಟು ದಿನವಿತ್ತು. ಮರುದಿನ ಬೆಳಿಗ್ಗೆ ಸಣ್ಣವ್ವ ಕೂಸನ್ನು ಹೊಟ್ಟೆಗೆ ಅವುಚಿಕೊಂಡು ಗುಡ್ಡ ಹತ್ತಲು ಹೊರಟಳು.

ಹಿಂದೆ ಒಂದೇ ಬೆಳಗಿನಲ್ಲಿ ಹತ್ತಿದ್ದ ಗುಡ್ಡ. ಈಗ ಅವಳಿಂದ ಓಡಲಾಗಲಿಲ್ಲ. ಒಂದು ಎಲೆ ಸರಕ್ಕೆಂದರೂ ಎದೆ ಝಲ್ಲೆನ್ನುತ್ತಿತ್ತು. ಒಂದು ಕೈ ಮುಂದೆ ಇಡುವಳು, ಕಡ್ಡಿ ಮುರಿಯಲಿಲ್ಲ ತಾನೇ ಎಂದು ನೋಡುವಳು, ಆಮೇಲೆ ಇನ್ನೊಂದು ಕೈ. ಸದ್ದಾಗಬಾರದು. ಈ ಲೋಕದಲ್ಲಿ ಇನ್ನು ತನ್ನಿಂದ ಒಂದು ಚೂರೂ ಸದ್ದಾಗಬಾರದು. ಕಣ್ಣು ಮುಚ್ಚಲು ಅವಳಿಗೂ ಭಯವಾಯಿತು. ಮುಚ್ಚಿದಾಗ ಬಂದುಬಿಟ್ಟರೆ? ಹಾಗೆ ಬಿಟ್ಟ ಕಣ್ಣು ದಿನದಿಂದ ದಿನಕ್ಕೆ ಅಗಲವಾಗುತ್ತಾ ಹೋಯಿತು.

ಪ್ರತಿದಿನ ಬೆಳಿಗ್ಗೆ ಕೂಸಿನ ಕಿವಿಯ ಹತ್ತಿರ ನಾಲಿಗೆಯಿಂದ ಲೊಚ್ ಎನ್ನುತ್ತಿದ್ದಳು. ಒಂದನೇ ದಿನ ಕಿವಿ ಅಲ್ಲಾಡಲಿಲ್ಲ. ಎರಡನೇ ದಿನವೂ ಇಲ್ಲ. ಮೂರನೇ ದಿನವೂ ಇಲ್ಲ. ನಾಲ್ಕನೇ ದಿನ ಅಲ್ಲಾಡಿತು ಎನ್ನಿಸಿತು, ಆದರೆ ಅದು ನೊಣ ಕೂತದ್ದಕ್ಕೆ.

ಏಳನೇ ದಿನ ಅವಳು ಗೋಣಿಮರ ಮುಟ್ಟಿದಳು.

"ಓಹೋ, ಬಾ ತಂಗ್ಯವ್ವ," ಎಂದ ಗುಡುಗಣ್ಣ. ಅವನು ನಾಳೆಯ ಮದುವೆಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. "ಊರೆಲ್ಲ ಏನಂತು? ಅವತ್ತು ಯಾರೂ ಬಾಯೇ ಬಿಡ್ಲಿಲ್ಲ, ಅಂಗೆ ಬೆರಗಾಗಿದ್ರು."

ಸಣ್ಣವ್ವ ಹೊಟ್ಟೆಯಿಂದ ಕೂಸನ್ನು ಬಿಡಿಸಿ ಅವನ ಮುಂದೆ ಹಿಡಿದಳು.

ಗುಡುಗಣ್ಣ ನೋಡಿದ. ಕೂಸೂ ಅವನನ್ನು ನೋಡಿತು, ಆ ಬಟ್ಟಲುಗಣ್ಣಿನಿಂದ. "ಯಾಕವ್ವ ಹಿಂಗೆ ನೋಡ್ತದೆ ಕೂಸು?"

"ಅವತ್ತಿಂದ ಹಿಂಗೇ ಅಣ್ಣ. ಕಿವೀನೂ ಕೇಳಲ್ಲ. ಹೆಸ್ರು ಅದ್ರ ಕಿವಿಗೆ ಬೀಳ್ಲಿಲ್ಲ. ಗಾಳಿಯಕ್ಕ ಬಗ್ಗಿದ್ದಕ್ಕೇ ತೊಟ್ಲು ಅಲ್ಲಾಡ್ಬುಡ್ತು. ನೀವು ಬಂದ್ಬುಟ್ರಿ."

ಗುಡುಗಣ್ಣ ಕೂತುಬಿಟ್ಟ. ಅವನಿಗೆ ಆಘಾತವಾದದ್ದನ್ನು ಲೋಕ ನೋಡಿದ್ದು ಅದೊಂದೇ ಸಲ. ತನ್ನ ದನಿ ಕೆಳಗೆ ಬಿದ್ದಮೇಲೆ ಏನಾಗುತ್ತದೆಂದು ಅವನು ಯಾವತ್ತೂ ಇಳಿದು ನೋಡಿದವನಲ್ಲ. ಎಲ್ಲರೂ ಬೆಚ್ಚಿದ್ದನ್ನು ನೋಡಿದ್ದ, ಅದು ಸಂತೋಷ ಎಂದುಕೊಂಡಿದ್ದ.

"ನಾ ಖುಸಿಗೆ ಕೂಗ್ದೆ ಕಣವ್ವ," ಎಂದ. ಮತ್ತೆ ಅದನ್ನೇ ಹೇಳಿದ. "ನಾ ಖುಸಿಗೇ ಕೂಗಿದ್ದು."

"ಗೊತ್ತಣ್ಣ. ಕರ್ದೋಳು ನಾನೇ. ಅಲ್ಲಾಡಿದ್ರೆ ಹಾರಿಸಿ ಅಂದೋಳೂ ನಾನೇ. ಜನ ಅಬ್ಬಾ ಅನ್ಲಿ ಅಂತ ಆಸೆ ಬಿದ್ದೆ."

"ಇನ್ಮ್ಯಾಕೆ ನಾ ಕೂಗಲ್ಲ," ಎಂದ ಗುಡುಗಣ್ಣ. "ನವಿಲಿನ ಮದ್ವೆಗೂ ಇಲ್ಲ, ಯಾರ್ ಮದ್ವೆಗೂ ಇಲ್ಲ. ಬಾಯಿ ಹೊಲ್ಕೊಂಡು ಇಲ್ಲೇ ಬಿದ್ದಿರ್ತೀನಿ."

ಸಣ್ಣವ್ವ ಬೇಗ ಒಪ್ಪಿಬಿಡಬಹುದಿತ್ತು. ಅವಳು ಬಂದದ್ದು ಅದಕ್ಕೇ ಅಲ್ಲವೇ? ಆದರೆ ಅವನ ಮುಖ ನೋಡಿದಳು. ಗುಡುಗು ಇಲ್ಲದಿದ್ದರೆ ಮಳೆ ಬರುವುದು ಕಪ್ಪೆಗೆ ಯಾರು ಹೇಳುತ್ತಾರೆ, ಅಣಬೆಯನ್ನು ನೆಲದೊಳಗಿನಿಂದ ಯಾರು ಎಬ್ಬಿಸುತ್ತಾರೆ ಎಂದೂ ನೆನೆದಳು. ಅಬ್ಬಾ ಎಂದು ಆಸೆ ಬೀಳುವವಳು ಕಾಡಿನಲ್ಲಿ ತಾನೊಬ್ಬಳೇ ಅಲ್ಲ.

"ಕೂಗ್ಬ್ಯಾಡ ಅನ್ನಾಕೆ ಬರ್ಲಿಲ್ಲ ನಾನು," ಎಂದಳು. "ಹೇಳ್ದೆ ಕೂಗ್ಬ್ಯಾಡ. ಅಷ್ಟೇ. ಎರಡು ಕೈ ಎತ್ತಿ ಎರಡು ಕಿವಿ ಮುಚ್ಚೋವಷ್ಟು ಹೊತ್ತು ಕೊಡು. ತಾಯಂದ್ರಿಗೆ ಅಷ್ಟು ಸಾಕು."

"ಹೇಳೋದು ಹೆಂಗೆ? ನಾ ಬಾಯ್ಬಿಟ್ರೇ ಸದ್ದು."

"ಮಿಂಚಕ್ಕ ಮೊದ್ಲು ಬರ್ಲಿ. ಅವ್ಳು ಬಂದ್ಲು ಅಂದ್ರೆ ಹಿಂದೆ ನೀನು ಬತ್ತೀಯ ಅಂತ ನಾವು ತಿಳ್ಕೋತೀವಿ. ನೀನು ತಡೆದು ಬಾ."

ಮಿಂಚವ್ವ ಅಣ್ಣನ ಕೈಯನ್ನು ಬಿಗಿಯಾಗಿ ಹಿಡಿದಳು. "ಆಗಲ್ಲ. ಹುಟ್ದಾಗಿಂದ ನಾವು ಕೈ ಬಿಟ್ಟೋರಲ್ಲ."

ಸಣ್ಣವ್ವ ಅವಳನ್ನು ನೋಡಿದಳು. "ನಾನು ಬಿಟ್ಟಿದ್ದೆ ಅಕ್ಕ. ಎಲ್ರೂ ನೋಡ್ಲಿ ಅಂತ ಒಂದು ಮಾರು ದೂರ ನಿಂತಿದ್ದೆ. ಹತ್ರ ಇದ್ದಿದ್ರೆ ಕಿವಿ ಮುಚ್ತಿದ್ದೆನೋ ಏನೋ."

ಮಿಂಚವ್ವ ಕೂಸಿನ ಬಟ್ಟಲುಗಣ್ಣನ್ನು ನೋಡಿದಳು. ಆಮೇಲೆ ಒಂದೊಂದೇ ಬೆರಳು ಬಿಡಿಸಿ ಅಣ್ಣನ ಕೈ ಬಿಟ್ಟಳು. ಹುಟ್ಟಿದಾಗಿನಿಂದ ಹಿಡಿದಿದ್ದ ಕೈ. ಬಿಟ್ಟಮೇಲೆ ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಅವಳಿಗೆ ತಿಳಿಯಲಿಲ್ಲ. ಇಂದಿಗೂ ಅವಳು ಬರುವಾಗ ನೇರವಾಗಿ ಬರುವುದಿಲ್ಲ, ಅತ್ತ ಇತ್ತ ತಡಕಾಡುತ್ತಾ ಅಂಕುಡೊಂಕಾಗಿ ಇಳಿಯುತ್ತಾಳೆ.

ಸಣ್ಣವ್ವನ ಹಿಂದೆಯೇ ಏಳು ದಿನ ಸದ್ದಿಲ್ಲದೆ ನಡೆದುಬಂದಿದ್ದ ಗಾಳಿಯತ್ತೆ ಆಗ ಮುಂದೆ ಬಂದಳು. "ಬಗ್ಗಿದ್ದು ನಾನು. ನನ್ನ ತಪ್ಪಿಗೂ ಒಂದು ಕೆಲ್ಸ ಬೇಕು," ಎಂದಳು. "ಇನ್ಮ್ಯಾಕೆ ಯಾವ್ ಸದ್ದೂ ತಾನಾಗಿ ಹೋಗಂಗಿಲ್ಲ. ನನ್ನ ಹೆಗಲ ಮ್ಯಾಲೆ ಕೂತ್ಕೊಂಡೇ ಹೋಗ್ಬೇಕು. ನಾನು ನಡಿಯೋದು ನಿಧಾನ. ಬೆಳಕು ಬೇಕಾದ್ರೆ ಓಡ್ಲಿ."

ಹೀಗೆ ಮಾತಾಯಿತು. ಆದರೆ ಗುಡುಗಣ್ಣ ಇನ್ನೂ ಕೂಸನ್ನೇ ನೋಡುತ್ತಿದ್ದ. ಅವನ ಕೈ ಹೊಟ್ಟೆಯ ಮೇಲಿತ್ತು.

"ತಂಗ್ಯವ್ವ, ಅವತ್ತು ಕೂಗ್ವಾಗ ನನ್ನ ಬಾಯ್ಗೆ ಏನೋ ಸಣ್ಣದು ಹಾರ್ಕೊಂಡು ಬಂತು. ನೊರ್ಜು ಅನ್ಕೊಂಡು ನುಂಗ್ಬುಟ್ಟೆ. ಅದು ಕರಗ್ಲಿಲ್ಲ. ಇಲ್ಲೇ ಐತೆ."

ಹೆಸರು ಅಲ್ಲಿತ್ತು. ಗಂಡ ಬಿಟ್ಟುಹೋದ ಒಂದೇ ಒಂದು ಮಾತು ಗುಡುಗಿನ ಹೊಟ್ಟೆಯಲ್ಲಿ ಕೂತಿತ್ತು.

"ಹೇಳಣ್ಣ," ಎಂದಳು ಸಣ್ಣವ್ವ. "ಮೆಲ್ಲಗೆ ಹೇಳು."

ಗುಡುಗಣ್ಣ ಹುಟ್ಟಿದಾಗಿನಿಂದ ಪಿಸುಗುಟ್ಟಿದವನಲ್ಲ. ಬಾಯಿಗೆ ಎರಡೂ ಕೈ ಅಡ್ಡ ಹಿಡಿದು, ಕೂಸಿನ ಕಡೆಗೆ ಬಗ್ಗಿ, ಬೆವರುತ್ತಾ, ಹೊಟ್ಟೆಯೊಳಗಿನ ಆ ಸಣ್ಣ ಮಾತನ್ನು ಮೇಲಕ್ಕೆ ತರಲು ನೋಡಿದ. ಬಂದದ್ದು ಗುಡುಗುಡು ಎಂಬ ಒಂದು ಉರುಳು ದನಿ. ಬಂಡೆಗಳ ಮೇಲೆ ಹೊರಳಿ, ಕಣಿವೆಗೆ ಇಳಿದು, ಗೊಣಗುತ್ತಾ ದೂರ ಹೋಯಿತು. ಹೆಸರು ಅದರಲ್ಲಿತ್ತು, ಆದರೆ ಬಿಡಿಸಿಕೊಳ್ಳಲು ಆಗುವಂತಿರಲಿಲ್ಲ.

ಕೂಸಿನ ಕಿವಿ ಅಲ್ಲಾಡಿತು.

ಸಣ್ಣವ್ವ ಮೊದಲು ನಂಬಲಿಲ್ಲ. ನೊಣ ಇದೆಯೇ ಎಂದು ನೋಡಿದಳು. ನೊಣ ಇರಲಿಲ್ಲ. ಆ ದನಿ ಕಣಿವೆಯ ಯಾವ ಕಡೆ ಹೋಯಿತೋ ಕೂಸು ತೆಳ್ಳನೆಯ ಕಿವಿಯನ್ನು ಆ ಕಡೆಗೇ ತಿರುಗಿಸಿತು. ದನಿ ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಸಣ್ಣವ್ವ ಎಂಟು ದಿನದ ಅಳುವನ್ನೆಲ್ಲ ಗೋಣಿಮರದ ಬುಡದಲ್ಲಿ ಕೂತು ಅತ್ತಳು, ಅದನ್ನೂ ಸದ್ದು ಮಾಡದೆ ಅತ್ತಳು.

ಮರುದಿನ ನವಿಲಿನ ಮದುವೆ. ಅಕ್ಷತೆ ಬಿತ್ತು. ಮಿಂಚವ್ವ ಒಬ್ಬಳೇ ಬಂದು ಹೊಳೆದಳು. ಸದ್ದಿಲ್ಲ. ಜನ ದಿಗಿಲಾಗಿ ಮೇಲೆ ನೋಡಿದರು. ಗುಡುಗಣ್ಣ ಸತ್ತೇಹೋದನೇ ಎಂದರು. ಸಣ್ಣವ್ವ ಮಾತ್ರ ಹೊಟ್ಟೆಯ ಮೇಲಿನ ಕೂಸಿನ ಎರಡೂ ಕಿವಿಗಳ ಮೇಲೆ ಎರಡು ಅಂಗೈ ಇಟ್ಟಳು. ಅವಳನ್ನು ನೋಡಿ ಅಳಿಲು ತನ್ನ ಮರಿಯ ಕಿವಿ ಮುಚ್ಚಿತು, ಅದನ್ನು ನೋಡಿ ಮೊಲವೂ ಮುಚ್ಚಿತು. ಆಗ ಗುಡುಗಣ್ಣ ಗಾಳಿಯತ್ತೆಯ ಹೆಗಲೇರಿ ಬಂದು ಕೂಗಿದ, ಮನಸ್ಸು ಬಿಚ್ಚಿ ಕೂಗಿದ. ಒಂದು ಮರಿಯೂ ಬೆಚ್ಚಲಿಲ್ಲ. ಕೂಗಿದ ಮೇಲೆ ಅವನು ಸುಮ್ಮನಾಗಲಿಲ್ಲ. ಹೊಟ್ಟೆಯೊಳಗಿನ ಹೆಸರನ್ನು ಹುಡುಕುತ್ತಾ ಗುಡ್ಡದಿಂದ ಗುಡ್ಡಕ್ಕೆ ಗೊಣಗಿಕೊಂಡು ಹೋದ.

ಸಣ್ಣವ್ವನ ಕೂಸು ದೊಡ್ಡದಾಯಿತು. ಮಾತು ಕಲಿಯುವ ಹೊತ್ತಿಗೆ ಹೇಳಿಕೊಳ್ಳಲು ಅದಕ್ಕೆ ಹೆಸರಿರಲಿಲ್ಲ. ಬೇರೊಂದು ಹೆಸರಿಡಲು ಸಣ್ಣವ್ವ ಒಪ್ಪಲಿಲ್ಲ. ಅಪ್ಪ ಇಟ್ಟದ್ದು ಇದೆಯಲ್ಲ, ಬರುತ್ತದೆ ಎನ್ನುತ್ತಿದ್ದಳು. ಹೆಸರಿಲ್ಲದ ಕೂಸನ್ನು ಯಾರಾದರೂ ಏನೆಂದು ಕರೆಯುತ್ತಾರೆ? ಪಾಪ ಎಂದು ಕರೆದರು. ಕಾಡಿನಲ್ಲೆಲ್ಲ ಹಾಗೇ ಕರೆದು ಕರೆದು ಅದು ಕಾಡುಪಾಪವಾಯಿತು. ಇಂದಿಗೂ ಅದರ ಕಣ್ಣು ಅಗಲ, ನಡಿಗೆ ನಿಧಾನ, ಅದರ ಕಾಲಿನ ಕೆಳಗೆ ಒಂದು ಎಲೆಯೂ ಸರಕ್ಕೆನ್ನುವುದಿಲ್ಲ.

ಎಷ್ಟೋ ಕಾಲದ ಮೇಲೆ ಮನುಷ್ಯರು ಹುಟ್ಟಿದರು. ಹಬ್ಬ ಕಲಿತರು, ಹಬ್ಬದ ಹಿಂದೆಯೇ ಪಟಾಕಿ ಕಲಿತರು. ಗಾಳಿಯತ್ತೆ ಅವರಿಗೂ ಅದೇ ಕಟ್ಟಳೆ ಹಾಕಿದಳು. ದೀಪಾವಳಿಯಲ್ಲಿ ಕೆರೆಯಾಚೆಯ ಬೀದಿಯವರು ಹಾರಿಸಿದ ಬಾಣಬಿರುಸು ಆಕಾಶದಲ್ಲಿ ಮೊದಲು ಹೂವಾಗುತ್ತದೆ, ಢಂ ಎಂಬುದು ಆಮೇಲೆ ನಡೆದುಕೊಂಡು ಬರುತ್ತದೆ. ಆದರೆ ಅಂಗಳದಲ್ಲೇ ಹಚ್ಚಿದರೆ ಗಾಳಿಯತ್ತೆಗೆ ನಡೆಯಲು ಜಾಗವೇ ಇರುವುದಿಲ್ಲ. ಆದ್ದರಿಂದ ಹತ್ತಿರ ಹಚ್ಚುವವರು ತಾವೇ ಬಾಯಿಬಿಟ್ಟು ಹೇಳಬೇಕು, ಹಚ್ತೀನಿ, ಕಿವಿ ಮುಚ್ಕೊಳಿ ಎಂದು. ಹೇಳದೆ ಹಚ್ಚುವವರಿಗೆ ಸಣ್ಣವ್ವನ ಕಥೆ ಗೊತ್ತಿಲ್ಲ ಎಂದು ತಿಳಿಯಿರಿ.

ಇನ್ನು ಮಳೆಗಾಲದ ಸಂಜೆ ಮಿಂಚು ಕಂಡಾಗ ಕಿವಿ ಮುಚ್ಚಿಕೊಳ್ಳಿ, ಅಷ್ಟು ಹೊತ್ತನ್ನು ನಿಮಗೆ ಒಬ್ಬ ತಾಯಿ ಕೇಳಿ ತಂದುಕೊಟ್ಟಿದ್ದಾಳೆ. ದೊಡ್ಡ ಸದ್ದು ಮುಗಿದ ಕೂಡಲೇ ಕೈ ತೆಗೆಯಿರಿ. ಗುಡ್ಡದಾಚೆಗೆ ಉರುಳುತ್ತಾ ಗೊಣಗುತ್ತಾ ಹೋಗುವ ಆ ಬಾಲದ ಸದ್ದನ್ನು ಕೇಳಿ, ಏಕೆಂದರೆ ಅದೇ ಹೊತ್ತಿಗೆ ಎಲ್ಲೋ ಒಂದು ಹುಣಸೆಮರದ ಕೊಂಬೆ ಹಿಡಿದು, ಕಣ್ಣು ಅಗಲಿಸಿ, ಕಿವಿಯನ್ನು ಆ ಕಡೆಗೇ ತಿರುಗಿಸಿ ಕಾಡುಪಾಪವೂ ಕೇಳುತ್ತಿರುತ್ತದೆ, ಅಪ್ಪ ಇಟ್ಟ ಹೆಸರು ಇವತ್ತಾದರೂ ಬರುತ್ತದೇನೋ ಎಂದು.